ರದ್ದಿ ಕಾಗದದ ಚೀಲ

ಬೆಳಗ್ಗೆ ಲೋಕದ ಸುದ್ದಿಯನ್ನೆಲ್ಲ ಹೊತ್ತು ಬಂದ ವೃತ್ತಪತ್ರಿಕೆಗೆ ಸಂಜೆಯೊಳಗಾಗಿ ಮುಪ್ಪು ಬರುವುದು. ತಿಂಗಳ ಕೊನೆಗೆ ಅದು ರದ್ದಿಯವನ ತಕ್ಕಡಿಯನ್ನೇರುವುದು. ಮಂತ್ರಿಗಳ ಭಾಷಣಕ್ಕೂ ವಧೂವರರ ಪ್ರಕಟಣೆಗೂ ಅಲ್ಲಿ ಒಂದೇ ಬೆಲೆ. ಆ ಬಳಿಕ ಅದಕ್ಕೆ ಎರಡನೆಯ ಜನ್ಮವೊಂದುಂಟು. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ಹಳೆಯ ಊರಿನಲ್ಲಿ, ಒಂದು ಮನೆಯ ಜಗಲಿಯ ಮೇಲೆ ಕುಳಿತು, ಒಬ್ಬ ಅಜ್ಜಿ ಈ ಜನ್ಮವನ್ನು ಕೊಡುತ್ತ ಬಂದಿರುವಳು.

ನೋಡುವುದಕ್ಕೆ ಇದು ಮಕ್ಕಳಾಟದಂತಿರುವುದು. ಪತ್ರಿಕೆಯ ಒಂದು ಪುಟವನ್ನು ಅಡ್ಡಲಾಗಿ ಹಾಸಿ, ಎರಡು ಬದಿಗಳನ್ನೂ ನಡುವಿಗೆ ತಂದು, ಒಂದರ ಮೇಲೊಂದು ಬೆರಳಗಲ ಕೂಡುವಂತೆ ಅಂಟಿಸಬೇಕು. ಈಗ ಅದು ಎರಡು ಕಡೆಯೂ ಬಾಯಿ ತೆರೆದ ಕೊಳವೆ. ಇನ್ನು ತಳ. ಕೆಳಗಿನ ಅಂಚನ್ನು ನಾಲ್ಕು ಬೆರಳಷ್ಟು ಮೇಲಕ್ಕೆ ಮಡಿಸಿ, ಉಗುರಿನಿಂದ ಗೆರೆ ತೀಡಿ, ಆ ಮಡಿಕೆಯನ್ನು ಬಿಚ್ಚಿ ಅಗಲಿಸಿದರೆ ಎರಡು ಪಕ್ಕದಲ್ಲೂ ಮುಕ್ಕೋನದ ಕಿವಿಗಳು ತಾವಾಗಿ ಬೀಳುವುವು. ಮೇಲಿನ ತುಟಿಯನ್ನು ನಡುವಿನ ಗೆರೆ ತುಸು ದಾಟುವಂತೆ ಇಳಿಸಿ, ಕೆಳಗಿನ ತುಟಿಗೆ ಅಂಟು ಬಳಿದು ಅದರ ಮೇಲೇರಿಸಿದರೆ ಚೀಲವಾಯಿತು. ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಕಾಗದ ಸೊಟ್ಟಗಾಗುವುದು.

ಇಷ್ಟೇ ಶಾಸ್ತ್ರ. ಆದರೆ ಕೈ ಪಳಗದವರ ಗುಟ್ಟು ಕಾಳು ತುಂಬಿದಾಗ ಬಯಲಾಗುವುದು. ಅಜ್ಜಿಯ ಮೊಮ್ಮಗಳು ಮಡಿಸಿದ ಮೊದಲ ಚೀಲವು ಅರ್ಧ ಕಿಲೋ ಹೆಸರುಕಾಳನ್ನು ಅಂಗಡಿಯ ಮೆಟ್ಟಿಲಿನವರೆಗೆ ಹೊತ್ತಿತು, ಆಚೆಗೆ ಹೊರಲಿಲ್ಲ. ಶೆಟ್ಟರು ಕೋಪಿಸಿಕೊಳ್ಳಲಿಲ್ಲ. ಮರುದಿನ ಅಜ್ಜಿಯ ಎದುರಿಗೇ ಒಂದೊಂದು ಚೀಲವನ್ನೂ ಊದಿ ನೋಡಿ ಎಣಿಸಿಕೊಂಡರು, ಅಷ್ಟೆ. ಆಕೆಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಈ ಚಪ್ಪಟೆ ತಳ ಸಾಮಾನ್ಯವಾದುದೆಂದು ಯಾರೂ ಎಣಿಸಬೇಕಾಗಿಲ್ಲ. ಅಮೆರಿಕೆಯಲ್ಲಿ ಫ್ರಾನ್ಸಿಸ್ ವೋಲ್ ಎಂಬಾತನು 1852ರಲ್ಲಿ ಚೀಲ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು; ಆದರೆ ಆ ಚೀಲಕ್ಕೆ ನಿಲ್ಲುವ ತಳವಿರಲಿಲ್ಲ. ತಳವನ್ನು ಮಡಿಸುವ ಯಂತ್ರವನ್ನು ಕಲ್ಪಿಸಿದವಳು ಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಾರ್ಗರೆಟ್ ನೈಟ್. ಆ ಕಲ್ಪನೆಯನ್ನು ಒಬ್ಬನು ಕದ್ದು ತನ್ನದೆಂದಾಗ ಆಕೆ ವ್ಯಾಜ್ಯ ಹೂಡಿ ಗೆದ್ದು 1871ರಲ್ಲಿ ಹಕ್ಕನ್ನು ಪಡೆದಳು. ಯಲಹಂಕದ ಅಜ್ಜಿ ಈಕೆಯ ಹೆಸರನ್ನು ಕೇಳಿದವಳಲ್ಲ. ಆ ಯಂತ್ರಕ್ಕೆ ಕಲಿಸಿದ ವಿದ್ಯೆ ಇವಳ ಬೆರಳಿನಲ್ಲಿತ್ತು.

ಅಂಟಿನ ವಿಷಯದಲ್ಲಿ ಆಕೆ ಬಹು ಕಟ್ಟುನಿಟ್ಟು. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ಸಣ್ಣ ಉರಿಯಲ್ಲಿ ಕಾಯಿಸಿದ ಅಂಟು ಅದು. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಹತ್ತದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಮೈಲುತುತ್ತ ವಿಷ. ಅದಿಲ್ಲದ ಅಂಟು ಬೇಗ ಹುಳಿಯುವುದು, ಜಿರಲೆಗಳಿಗೂ ಹಬ್ಬ. ಆದರೂ ತಿನ್ನುವ ಪದಾರ್ಥವನ್ನು ತುಂಬುವ ಚೀಲಕ್ಕೆ ಅದನ್ನು ಸೋಕಿಸಲಾಗದೆಂಬುದು ಆಕೆಯ ವ್ರತ.

ನಡುವೆ ಪ್ಲಾಸ್ಟಿಕ್ ಕವರು ಬಂದಿತು. ನೆನೆಯದು, ಹರಿಯದು, ಅಗ್ಗ. ಯಶವಂತಪುರದ ಮಾರುಕಟ್ಟೆಯಿಂದ ಗೋಣಿಯಲ್ಲಿ ಬಂದ ಬೇಳೆಕಾಳು ಚಿಲ್ಲರೆ ಅಂಗಡಿಯಲ್ಲಿ ಈ ಕವರನ್ನು ಹೊಕ್ಕು ಮನೆಗೆ ಹೋಯಿತು. ಕವರು ಮನೆಯಿಂದ ಚರಂಡಿಗೂ ಚರಂಡಿಯಿಂದ ಕೆರೆಗೂ ಹೋಯಿತು. ಜಗಲಿಯ ಮೇಲೆ ಕಾಗದ ಹಾಗೆಯೇ ಉಳಿಯಿತು. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗ ಶೆಟ್ಟರು ತಾವಾಗಿಯೇ ಜಗಲಿಗೆ ಬಂದು ನಿಂತರು. ಬಜ್ಜಿಯಂಗಡಿಯವನೂ ಬಂದನು. ಆ ವರ್ಷ ಮೊಮ್ಮಗಳ ಶಾಲೆಯ ಶುಲ್ಕ ಚೀಲದ ಹಣದಿಂದಲೇ ತೀರಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಸಂಜೆ, ಮಡಿಸಲೆಂದು ಎತ್ತಿಕೊಂಡ ಹಾಳೆಯಲ್ಲಿದ್ದ ಸುದ್ದಿಯೊಂದನ್ನು ಹುಡುಗಿ ಗಟ್ಟಿಯಾಗಿ ಓದಿದಳು. ವೃತ್ತಪತ್ರಿಕೆಯಲ್ಲಿ ಆಹಾರವನ್ನು ಕಟ್ಟಿಕೊಡಬಾರದು, ಅದರ ಮಸಿಯಲ್ಲಿ ಆರೋಗ್ಯಕ್ಕೆ ಕೆಡುಕಾದ ಬಣ್ಣಗಳಿರುವುವು, ಮುದುಕರಿಗೂ ಮಕ್ಕಳಿಗೂ ಅಪಾಯ ಹೆಚ್ಚು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಎಚ್ಚರಿಸಿತ್ತು. (2018ರ ನಿಯಮಗಳಲ್ಲಿ ಇದು ಸ್ಪಷ್ಟವಾದ ನಿಷೇಧವೇ ಆಯಿತು.) ಅಜ್ಜಿ ಮತ್ತೊಮ್ಮೆ ಓದಿಸಿದಳು.

“ಇಷ್ಟು ವರ್ಷ ಅಂಟಿನಲ್ಲಿ ವಿಷ ಹುಡುಕಿದೆನಲ್ಲ ಮಗು” ಎಂದಳು. “ಅಕ್ಷರದಲ್ಲಿ ಹುಡುಕಲಿಲ್ಲ.”

ಮರುದಿನ ಬಜ್ಜಿಯಂಗಡಿಯವನಿಗೆ ಚೀಲ ಸಿಕ್ಕಲಿಲ್ಲ.

“ಊರೆಲ್ಲ ಪೇಪರಿನಲ್ಲಿಯೇ ಕಟ್ಟುತ್ತಾರೆ, ಅಜ್ಜಿ. ನಿಮ್ಮೊಬ್ಬರ ಚೀಲದಿಂದ ಯಾರು ಸಾಯುತ್ತಾರೆ?”

“ಗೊತ್ತಿಲ್ಲಪ್ಪ. ಬಿಸಿ ಎಣ್ಣೆಗೆ ಮಸಿ ಬಿಡುವುದನ್ನು ನಾನೇ ನೋಡಿದ್ದೇನೆ. ನನ್ನ ಕೈಯಿಂದ ಬೇಡ.”

ಅವನು ಬೇರೆ ಕಡೆ ಕೊಂಡನು. ಅವನನ್ನು ದೂರುವುದು ಸುಲಭ. ಆದರೆ ಒಂದು ತಟ್ಟೆ ಬಜ್ಜಿಯ ಲಾಭದಲ್ಲಿ ಒಳ್ಳೆಯ ಕಾಗದಕ್ಕೆ ಎಷ್ಟು ಉಳಿದೀತು? ಶೆಟ್ಟರು ಮಾತ್ರ ಕೆಲವು ದಿನ ಯೋಚಿಸಿ, ಅಚ್ಚಾಗದ ಕಂದುಕಾಗದವನ್ನು ತಾವೇ ತಂದುಕೊಟ್ಟರು. ಕಾಗದ ಅವರದಾದುದರಿಂದ ಕೂಲಿ ತುಸು ಇಳಿಯಿತು. ವೃತ್ತಪತ್ರಿಕೆಯ ಚೀಲಗಳು ಈಗ ಮೊಳೆ ಮಾರುವವರಿಗೂ ಬಳೆಯಂಗಡಿಗೂ ಹೋಗುವುವು. ಪುಟ್ಟವು, ಮಾತ್ರೆಯ ಪಟ್ಟಿಗಳಿಗೆಂದು ಔಷಧದಂಗಡಿಗೆ. ಮೊದಲಿನಷ್ಟು ಹಣವಿಲ್ಲ. ಮರುವರ್ಷದ ಶುಲ್ಕಕ್ಕೆ ಒಂದು ಜೊತೆ ಓಲೆ ಅಡವಿಗೆ ಹೋಯಿತು.

ಕಂದುಕಾಗದ ಬಿರುಸು, ಉಗುರಿನ ಗೆರೆಗೆ ಬೇಗ ಮಣಿಯದು. ಸಂಜೆ ಅಜ್ಜಿಯೂ ಮೊಮ್ಮಗಳೂ ಎದುರು ಬದುರು ಕುಳಿತು ಎರಡು ರಾಶಿಗಳನ್ನು ಬೇರೆ ಬೇರೆಯಾಗಿ ಇಡುವರು. ಹುಡುಗಿ ಮಡಿಸಿದ ಚೀಲ ಒಣಗಿದ ಮೇಲೆ ಅಜ್ಜಿ ಅದನ್ನೆತ್ತಿ, ಬಾಯನ್ನು ಮುಷ್ಟಿಯಲ್ಲಿ ಹಿಡಿದು ಊದುವಳು. ಮೂಲೆಯಿಂದ ಗಾಳಿ ಬಾರದಿದ್ದರೆ ಶೆಟ್ಟರ ಕಟ್ಟಿಗೆ ಸೇರಿಸುವಳು.