ಎರಡು ಪೊರೆ, ಎರಡು ಕಾವಲು

ಹತ್ತನೇ ಕ್ಲಾಸಿನ ಆಮೇಲೆ ಜೀವಶಾಸ್ತ್ರದ ಮುಖ ನೋಡದವರೇ ನಮ್ಮ ಗುಂಪಿನಲ್ಲಿ ಜಾಸ್ತಿ. ಹಾಗಾಗಿ 'ಬಯಾಲಜಿ ಫಾರ್ ಎಂಜಿನಿಯರ್ಸ್' ನಮಗೆ ಪಾಸಾದರೆ ಸಾಕು ಅನ್ನೋ ಪೇಪರ್. ಇಂಟರ್ನಲ್ಸ್ ಹಿಂದಿನ ರಾತ್ರಿ ಕೋಶಪೊರೆಗೂ ಕೋಶಕೇಂದ್ರದ ಪೊರೆಗೂ ಇರುವ ವ್ಯತ್ಯಾಸವನ್ನು ಟೇಬಲ್ ಹಾಕಿ ಬಾಯಿಪಾಠ ಮಾಡ್ತಾ ಕೂತಿದ್ವಿ. ಆಗ ನಮ್ಮಲ್ಲೊಬ್ಬ ಕೇಳಿದ: "ಒಂದೇ ಸಾಮಾನಲ್ಲಿ ಎರಡು ಗೋಡೆ ಇದೆ ಅಂದ್ರೆ, ಎರಡಕ್ಕೂ ಕೆಲಸ ಬೇರೆ ಇರ್ಬೇಕಲ್ವೇನ್ರೋ?" ಬಾಯಿಪಾಠ ಅಲ್ಲಿಗೇ ನಿಂತಿತು.

ಸಾಮಾನೇನೋ ಒಂದೇ. ಕೊಬ್ಬಿನ ಅಣುಗಳು ಬಾಲಕ್ಕೆ ಬಾಲ ತಾಗಿಸಿ ಎರಡು ಸಾಲಾಗಿ ನಿಂತ ಹಾಳೆ. ಕೋಶಪೊರೆ ಅಂಥ ಒಂದೇ ಹಾಳೆ, ದಪ್ಪ ಸುಮಾರು 7–8 ನ್ಯಾನೋಮೀಟರ್. ಇಷ್ಟು ತೆಳ್ಳಗಿದ್ದರೂ ಉಪ್ಪಿನ ಅಯಾನುಗಳನ್ನು ಸರಿಯಾದ ಬಾಗಿಲಿಲ್ಲದೆ ಒಳಗೆ ಬಿಡಲ್ಲ. ಅದರಲ್ಲಿರುವ ಪಂಪು 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಪೊರೆಯ ಎರಡು ಬದಿಗೂ ಬೇರೆ ಬೇರೆ ಚಾರ್ಜ್. ಇ ಅಂಡ್ ಸಿ ಗೆಳೆಯರು ತಕ್ಷಣ 'ಕೆಪಾಸಿಟರ್' ಅಂದ್ರು, ಸರಿಯೇ. ನರಕೋಶದಲ್ಲಿ ಈ ವೋಲ್ಟೇಜು ಸುಮಾರು −70 ಮಿಲಿವೋಲ್ಟ್. ಅಲ್ಲಿ ಪೊರೆ ಸೋರಿದರೆ ನಮ್ಮ ಯೋಚನೆಯೂ ನಿಂತಂತೆ.

ಭೇದಿಯಾದಾಗ ಮನೆಯಲ್ಲಿ ಉಪ್ಪು-ಸಕ್ಕರೆ ನೀರು ಕುಡಿಸೋದರ ಹಿಂದೆಯೂ ಇದೇ ಪೊರೆ ಇದೆ. ಕರುಳಿನ ಕೋಶಗಳ ಒಂದು ಬಾಗಿಲು ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿಯೇ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಕಾಲರಾ ರೋಗಿಗಳನ್ನು ಉಳಿಸಿದ್ದು ಈ ಬಾಗಿಲನ್ನು ನಂಬಿಯೇ.

ಕೋಶಕೇಂದ್ರಕ್ಕೆ ಇಂಥ ಹಾಳೆ ಎರಡು. ಆದರೂ ಉಪ್ಪು, ಸಣ್ಣ ಅಣುಗಳಿಗೆ ಇಲ್ಲಿ ತಡೆಯೇ ಇಲ್ಲ! ಎರಡೂ ಹಾಳೆಗಳನ್ನು ಕೊರೆದು ದೊಡ್ಡ ದೊಡ್ಡ ರಂಧ್ರಗಳಿವೆ, ಒಂದೊಂದರ ಚೌಕಟ್ಟಿಗೂ ಸುಮಾರು 30 ಬಗೆಯ ಪ್ರೊಟೀನುಗಳು. ತಪಾಸಣೆ ದೊಡ್ಡ ಅಣುಗಳಿಗೆ ಮಾತ್ರ. ಐಡಿ ಕಾರ್ಡಿನಂಥ ಗುರುತು ಇದ್ದ ಪ್ರೊಟೀನಿಗೆ ಪ್ರವೇಶ. ಇದು ಕಾಯೋದು ಮಾಹಿತಿಯನ್ನು. ನಮ್ಮ ಲೈಬ್ರರಿಯ ರೆಫರೆನ್ಸ್ ಸೆಕ್ಷನ್ ಥರ: ಡಿಎನ್‌ಎ ಅನ್ನೋ ಮೂಲಪ್ರತಿ ಒಳಗೇ ಇರುತ್ತೆ, ಆರ್‌ಎನ್‌ಎ ಅನ್ನೋ ಜೆರಾಕ್ಸ್, ಅದೂ ತಿದ್ದುಪಡಿ ಮುಗಿದ ಮೇಲೆ, ಹೊರಗೆ ಬರುತ್ತೆ.

ಇನ್ನೊಂದು ವ್ಯತ್ಯಾಸ ನಮ್ಮ ಟೇಬಲಿನಲ್ಲಿ ಇರಲೇ ಇಲ್ಲ. ನಮ್ಮ ದೇಹದ ಕೋಶ ಇಬ್ಭಾಗ ಆಗುವಾಗ ಒಳಗಿನ ಪೊರೆ ಪೂರ್ತಿ ಬಿಚ್ಚಿಕೊಂಡು ಆಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆ. ಹೊರಗಿನದು ಆಗಲೂ ಬಾಯಿ ಬಿಡಲ್ಲ, ನಡುವೆ ಹಿಸುಕಿಕೊಂಡು ಎರಡಾಗುತ್ತದೆ ಅಷ್ಟೇ. ಒಳಗಿನದಕ್ಕೆ ಆಸರೆಯಾದ ಲ್ಯಾಮಿನ್ ಎಂಬ ಪ್ರೊಟೀನ್ ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ಪ್ರೊಜೇರಿಯಾ ಕಾಯಿಲೆ ಸಾಕ್ಷಿ. ಹೆಚ್ಚಿನ ಮಕ್ಕಳಲ್ಲಿ ಅದಕ್ಕೆ ಕಾರಣ ಡಿಎನ್‌ಎಯ ಒಂದೇ ಒಂದು ಅಕ್ಷರದ ಬದಲಾವಣೆ. ಆಟ ಆಡೋ ವಯಸ್ಸಿಗೇ ಮುಪ್ಪು.

ಟೇಬಲ್ ಬರೀಲೇಬೇಕು, ಮಾರ್ಕ್ಸ್ ಇರೋದು ಅಲ್ಲೇ. ಆದರೆ ಕನ್ನಡದಲ್ಲಿ 'ಪೊರೆ' ಅಂದರೆ ಕಾಪಾಡು, ಸಲಹು ಅಂತಲೂ ಅರ್ಥ ಇದೆ. 'ಮೆಂಬ್ರೇನ್' ಅಂತ ಓದಿದಾಗ ನಮಗೆ ಅದು ಹೊಳೆದಿರಲಿಲ್ಲ.