ಹಸಿರು ದೇವತಿಯ ಮುಚ್ಚಿಗೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೇರಿಗಳಿಂದ ಬಂದ ನಾವು ಕಲಬುರ್ಗಿಯ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಗ, ಶೇಂಗಾ ಕಟ್ಟಿಕೊಟ್ಟಿದ್ದ ಹಳೇ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಒಂದು ಕಾರು ಕಂಡಿತು. ಡೈಮ್ಲರ್ ಡಿಇ-36. ಪತ್ರಿಕೆಯವರು ಅದಕ್ಕಿಟ್ಟ ಹೆಸರು ಗ್ರೀನ್ ಗಾಡೆಸ್, ಹಸಿರು ದೇವತೆ. ನಮಗೆ ನಗು ಬಂತು. ನಮ್ಮೂರ ಹಸಿರು ಸೀರಿ ದೇವತಿ ಬೇವಿನ ಗಿಡದ ಬುಡದಾಗ ಕುಂತು ಮಳಿಯಾಗ ನೆನೀತಾಳ. ಈ ದೇವತಿಗೆ ಗುಂಡಿ ಒತ್ತಿದ್ರ ಸಾಕು, ಮುಚ್ಚಿಗೆ ತಾನೇ ಹಿಂದಕ್ಕ ಸರೀತದ.

ಅದರ ಮೈ ಕಟ್ಟಿದವರು ಹೂಪರ್ ಕಂಪನಿಯವರು. ಉದ್ದ ಸುಮಾರು 20 ಅಡಿ, ತೂಕ 3 ಟನ್ನಿನ ಹತ್ತಿರ, ಸಾಲಾಗಿ 8 ಸಿಲಿಂಡರಿನ ಐದೂವರೆ ಲೀಟರ್ ಎಂಜಿನ್. ತಯಾರಾದದ್ದು ಬೆರಳೆಣಿಕೆಯಷ್ಟು. ಡೈಮ್ಲರಿನ ಆಗಿನ ಒಡೆಯರು ಬಿ.ಎಸ್.ಎ. ಎಂಬ ಬಂದೂಕಿನ ಕಂಪನಿಯವರು. ನಮ್ಮ ಮಾಸ್ತರರ ಸೈಕಲ್ಲಿನ ಮೇಲಿದ್ದ ಹೆಸರೂ ಅದೇ!

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ಯುದ್ಧದಲ್ಲಿ ಬಸವಳಿದಿದ್ದ ಬ್ರಿಟನ್ನಿನಲ್ಲಿ ಆಗ ಪೆಟ್ರೋಲಿಗೆ ರೇಷನ್ನು. ಅದು ಮುಗಿದದ್ದು 1950ರಲ್ಲಿ. ಸಾಮಾನ್ಯರಿಗೆ ಎಣ್ಣೆಯಿಲ್ಲ, ಅವರ ಕಣ್ಣಿಗೆ ಮಾತ್ರ ಹಬ್ಬ.

ಆ 1948 ನಮ್ಮ ಸೀಮೆಗೂ ಮರೆಯಲಾಗದ ವರ್ಷ. ಮೊದಲು ರಜಾಕಾರರ ಹಾವಳಿ. ಸೆಪ್ಟೆಂಬರ್ 17ಕ್ಕೆ ನಿಜಾಮ ಸೋತ. ಆಮೇಲೆ ಮುಸಲ್ಮಾನರ ಮೇಲೆ ನಡೆದ ಕೊಲೆ, ಲೂಟಿ. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಗುಲ್ಬರ್ಗಾವೂ ಒಂದೆಂದು ಸುಂದರಲಾಲ್ ಸಮಿತಿ ಬರೆಯಿತು. ನವೆಂಬರ್ 29ರಂದು ದಿಲ್ಲಿಯ ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದೆಂದು ಒಪ್ಪಿತು. ಕಾರು ಕಂಡ ಮರು ತಿಂಗಳೇ ಇದು.

ನಮ್ಮ ಅಪ್ಪಂದಿರಿಗೆ ಆ ಸುದ್ದಿ ಮುಟ್ಟಲಿಲ್ಲ. ಬಂಡಿ ಅಗಸಿಗೆ ಬಂತೆಂದರೆ ಇಳೀಬೇಕು, ಚಪ್ಪಲಿ ಕೈಯಾಗ ಹಿಡೀಬೇಕು, ಗೌಡರ ವಾಡೆ ದಾಟಿದ ಮ್ಯಾಲೆ ಹತ್ತಬೇಕು. ಹಾಗಾಗಿ ಆ ಚಿತ್ರದಲ್ಲಿ ನಮ್ಮನ್ನು ಚುಚ್ಚಿದ್ದು ಎಂಜಿನ್ನಲ್ಲ, ಬೆಲೆಯೂ ಅಲ್ಲ. ತಲಿ ಮ್ಯಾಲೆ ಏನೂ ಇಲ್ಲದೆ, ಊರೆಲ್ಲ ನೋಡುವಂಗ, ಆರಾಮಾಗಿ ಕುಂತು ಹೋಗೋದು. ಅದಕ್ಕೇ ಅಷ್ಟು ರೊಕ್ಕ ಕೊಡ್ತಾರಲ್ಲ ಅಂತ ಅನಿಸಿತು.

ಮುಂದೆ ನಮ್ಮಲ್ಲೊಬ್ಬನ ಊರಿನಲ್ಲಿ ಅಂಬೇಡ್ಕರ್ ಜಯಂತಿಗೆ ಬಾಡಿಗೆ ಜೀಪು ತಂದೆವು. ತಾಡಪತ್ರಿ ಬಿಚ್ಚಿ, ಬಾಬಾಸಾಹೇಬರ ಫೋಟೋ ಮುಂದೆ ಕಟ್ಟಿ, ಹಿಂದಿನ ಸೀಟಿಗೆ ಆ ಗೆಳೆಯನ ಅವ್ವನನ್ನು ಕೂಡಿಸಿದೆವು. ಹಿರಿಯರು ನಾಕು ಮಂದಿ ಬಂದು ಮೆತ್ತಗೆ ಹೇಳಿದರು:

"ತಾಡಪತ್ರಿ ಹಾಕ್ಕೊಂಡು ಹೋಗ್ರಿ. ಯಾರಿಗೂ ತ್ರಾಸ ಇಲ್ಲ."

ಹಾಕಲಿಲ್ಲ. ಡ್ರೈವರಿನ ಕೈ ನಡುಗುತ್ತಿತ್ತು, ನಮ್ಮವೂ. ಜೀಪು ಅಗಸಿಗೆ ಬಂತು. ಹಿಂತಿರುಗಿ ನೋಡಿದರೆ ಸೀಟು ಖಾಲಿ. ಅವ್ವ ಯಾರೂ ಹೇಳದೆ ತಾನೇ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಜೀಪಿನ ಪಕ್ಕ ನಡೆಯುತ್ತಿದ್ದಳು.

"ಹತ್ತಬೇ ಎವ್ವಾ" ಅಂದೆವು.

"ನೀವು ನಡೀರಿ, ನಾ ವಾಡೆ ದಾಟಿ ಹತ್ತತೀನಿ" ಅಂದಳು.