ನಿಂತ ಮಿಷನ್ನಿಗೆ ಮತ್ತೆ ಉಸಿರು

ಮಲೆನಾಡಿನ ತೋಟದ ಮನೆಗಳಲ್ಲಿ ಮರ ಕೊಯ್ಯುವ ಮಿಷನ್ ಇಲ್ಲದ ಕೊಟ್ಟಿಗೆ ಈಗ ಅಪರೂಪ. ಮಳೆಗಾಲದಲ್ಲಿ ದಾರಿಗಡ್ಡ ಬಿದ್ದ ಮರಕ್ಕೆ, ಮರಗಸಿಯ ದಪ್ಪ ಕೊಂಬೆಗೆ, ಬಚ್ಚಲೊಲೆಯ ಸೌದೆಗೆ ಅದೇ ಬೇಕು. ‘ಸ್ಟಾರ್ಟ್ ಆಗಲ್ಲ’ ಎಂದು ಮೂಲೆಗೆ ಹಾಕಿದ ಹಳೆಯ ಚೈನ್ ಸಾ ಕಂಡರೆ ಮಾತ್ರ ನನ್ನ ಕೈ ಸುಮ್ಮನಿರುವುದಿಲ್ಲ. ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಹುಡುಕುತ್ತ ಜಗುಲಿಯಲ್ಲಿ ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯದು.

ಮೊದಲು ಬಾರು, ಚೈನು ಕಳಚಿ, ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿಯೊಂದರಿಂದಲೇ ಮಿಷನ್ನನ್ನು ಮೇಲೆತ್ತಿ ನೋಡುತ್ತೇನೆ. ಸರ್ರನೆ ಕೆಳಗಿಳಿದರೆ ಕಂಪ್ರೆಷನ್ ಹೋಗಿದೆ. ತಡೆತಡೆದು ಇಳಿದರೆ ಸಂತೋಷ! ಆಮೇಲೆ ಪ್ಲಗ್ ಉಜ್ಜಿ, 0.5 ಮಿ.ಮೀ. ಸಂದು ಬಿಟ್ಟು, ಕಿಡಿ ಬರುತ್ತದೆಯೇ ಎಂದು ಪರೀಕ್ಷೆ. ಎರಡೂ ಸರಿಯಿದ್ದರೆ ತೊಂದರೆ ಬಹುಪಾಲು ಪೆಟ್ರೋಲಿನ ದಾರಿಯಲ್ಲೇ.

ನನಗೆ ಅತಿ ಪ್ರಿಯವಾದ ಭಾಗ ಕಾರ್ಬೊರೇಟರ್. ಹಳೆಯ ಬೈಕಿನ ಕಾರ್ಬೊರೇಟರಿನಲ್ಲಿ ಫ್ಲೋಟ್ ತೇಲುತ್ತಿರುತ್ತದೆ. ತಲೆಕೆಳಗಾದರೆ ಅದರ ಲೆಕ್ಕ ತಪ್ಪುತ್ತದೆ. ಗರಗಸವನ್ನೋ ಅಡ್ಡ, ಓರೆ, ಹೇಗೆಂದರೆ ಹಾಗೆ ಹಿಡಿಯಬೇಕು. ಹಾಗಾಗಿ ಇಲ್ಲಿ ಫ್ಲೋಟ್ ಇಲ್ಲ, ತೆಳ್ಳನೆಯ ಎರಡು ಪೊರೆಗಳಿವೆ. ಒಂದು ಪೊರೆ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತಕ್ಕೆ ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಪುಟ್ಟ ಸೂಜಿಯನ್ನು ಆಡಿಸಿ ಎಂಜಿನ್ನಿಗೆ ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಎಂಥ ಚೆಂದದ ಏರ್ಪಾಡು! ಆದರೆ ವರ್ಷಗಟ್ಟಲೆ ಬಿಟ್ಟರೆ ಪೆಟ್ರೋಲ್ ಆರಿ ಅಂಟಾಗುತ್ತದೆ, ಪೊರೆ ಹಪ್ಪಳದಂತೆ ಸೆಟೆಯುತ್ತದೆ. ಈಗಿನ ಪೆಟ್ರೋಲಿನ ಎಥೆನಾಲ್ ತೇವವನ್ನೂ ಹೀರುತ್ತದೆ. ನಮ್ಮ ಜಡಿಮಳೆಯ ಸೀಮೆಯಲ್ಲಿ ಕೇಳಬೇಕೆ? ಅಂಗಡಿಯಿಂದ ರಿಪೇರಿ ಕಿಟ್ ತಂದು ಪೊರೆ ಬದಲಿಸಿ, ಸಣ್ಣ ಜಾಲರಿಯನ್ನು ತೊಳೆದು, ಬಿರುಸಾದ ಪೈಪ್ ಕಿತ್ತು ಹೊಸದು ಹಾಕಿದರೆ ಮುಕ್ಕಾಲು ಕೆಲಸ ಆದಂತೆ. ಲೀಟರಿಗೆ 20 ಮಿ.ಲೀ. ಒಳ್ಳೆಯ ಟೂಟಿ ಆಯಿಲ್ ಬೆರೆಸಿದ ತಾಜಾ ಪೆಟ್ರೋಲ್ ಹಾಕಿ, ಹಿಂದಿನ ಹಿಡಿಯೊಳಗೆ ಕಾಲಿಟ್ಟು ನೆಲಕ್ಕೊತ್ತಿ, ಚೋಕ್ ಎಳೆದು ಹಗ್ಗ ಜಗ್ಗುವುದು. ಒಮ್ಮೆ ‘ಫಟ್’ ಎಂದರೆ ಚೋಕ್ ಅರ್ಧಕ್ಕೆ. ನಂತರದ ಆ ಆರ್ಭಟ, ನೀಲಿ ಹೊಗೆಯ ವಾಸನೆ, ಅಡುಗೆಮನೆಯಿಂದ ಎಲ್ಲರೂ ಹೊರಗೋಡಿ ಬರುವುದು!

ಎಂಜಿನ್ ಎದ್ದರೂ ಹಲ್ಲು ಮೊಂಡಾಗಿದ್ದರೆ ವ್ಯರ್ಥ. ಈ ಹಲ್ಲಿಗೊಂದು ಕಥೆಯಿದೆ. 1946ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಮರ ಕೊಯ್ಯುತ್ತಿದ್ದ ಜೋ ಕಾಕ್ಸ್, ಬೊಡ್ಡೆಯನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವ ಹುಳುವನ್ನು ಕಂಡು ಅದರ ದವಡೆಯ ಮಾದರಿಯಲ್ಲೇ ಹಲ್ಲು ಮಾಡಿದರು. 1947ರಲ್ಲಿ ಬಂದ ಆ ಚೈನಿನ ತತ್ವವೇ ಇಂದಿಗೂ ನಡೆದಿದೆ. ದುಂಡರದಿಂದ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಒಂದು ಸಾಲು ಮುಗಿಸಿ ಆಚೆ ಸಾಲು. ಹರಿತ ಹಲ್ಲು ಚಕ್ಕೆ ಉದುರಿಸುತ್ತದೆ, ಮೊಂಡು ಹಲ್ಲು ಪುಡಿ.

ನಿಮ್ಮಲ್ಲೂ ಒಂದಿದ್ದರೆ ಒಂದೇ ಕೋರಿಕೆ: ಕೆಲಸ ಮುಗಿದ ಮೇಲೆ ಟ್ಯಾಂಕ್ ಬಸಿದು, ಉಳಿದ ಪೆಟ್ರೋಲ್ ತೀರುವವರೆಗೆ ಓಡಿಸಿ ಎತ್ತಿಡಿ. ಮುಂದಿನ ಮಳೆಗಾಲಕ್ಕೆ ಅದು ಸತಾಯಿಸದೆ ಏಳುತ್ತದೆ.